ಎಂಜಿನ್ ಆಯಿಲ್ ಸೋರ್ತಿದೆಯಾ? ಟ್ಯೂಬ್ ಕೊಳ್ಳೋ ಮುಂಚೆ ಜಾಗ ಹುಡುಕಿ



ಈ ವಾರ ಗಿಡ, ಗೊಬ್ಬರ ಪಕ್ಕಕ್ಕಿಟ್ಟು ಯಂತ್ರದ ವಿಷಯ ಮಾತಾಡೋಣ. ಪವರ್ ಟಿಲ್ಲರ್, ವೀಡರ್, ಡೀಸೆಲ್ ಪಂಪ್ ಇರೋ ಮನೆಗಳಲ್ಲಿ ಎಂಜಿನ್ ನಿಲ್ಲಿಸೋ ಜಾಗದಲ್ಲಿ ಒಂದು ಕಪ್ಪು ಕಲೆ ಸಾಮಾನ್ಯ. "ಸ್ವಲ್ಪ ತಾನೇ, ಸ್ಪೇರ್ಸ್ ಅಂಗಡಿಯಿಂದ ಒಂದು ಟ್ಯೂಬ್ ತಂದು ಮೆತ್ತಿದರೆ ಆಯ್ತು" ಅಂತ ನಮ್ಮ ಕಡೆ ಹುಡುಗರು ಹೇಳ್ತಾರೆ. ಮೆತ್ತಿದ್ದು ನಾಲ್ಕು ದಿನಕ್ಕೆ ಕಿತ್ತು ಬರುತ್ತೆ. ಆಮೇಲೆ ಪೇಸ್ಟ್ ಸರಿ ಇಲ್ಲ ಅಂತ ಇನ್ನೊಂದು ತರ್ತಾರೆ. ಎಷ್ಟೋ ಸಲ ಪೇಸ್ಟ್ ಸರಿಯಾಗೇ ಇರುತ್ತೆ, ಹಾಕಿದ ಜಾಗ ತಪ್ಪಾಗಿರುತ್ತೆ.

ಸ್ವಲ್ಪ ಸೋರಿಕೆ ಅಂದರೆ ಎಷ್ಟು ಅಂತ ಲೆಕ್ಕ ಹಾಕಿ. ವೀಡರ್‌ಗಳಲ್ಲಿ ಬರುವ 5-6 ಎಚ್‌ಪಿ ಫೋರ್ ಸ್ಟ್ರೋಕ್ ಪೆಟ್ರೋಲ್ ಎಂಜಿನ್ ಹಿಡಿಯೋದೇ ಸುಮಾರು 600 ಎಂ.ಎಲ್. ಆಯಿಲ್. ಓಡುವಾಗ ಎರಡು ಸೆಕೆಂಡಿಗೆ ಒಂದು ಹನಿ ಬಿದ್ದರೆ ನಿಮಿಷಕ್ಕೆ ಹತ್ತಿರ ಹತ್ತಿರ 1 ಎಂ.ಎಲ್. ಐದು ಗಂಟೆ ಕೆಲಸ ಮಾಡಿದರೆ 300 ಎಂ.ಎಲ್., ಅಂದರೆ ಅರ್ಧ ಎಂಜಿನ್ ಖಾಲಿ! ಬಿತ್ತನೆ ಹದ ಇರೋ ದಿನವೇ ಪಿಸ್ಟನ್ ಹಿಡಿದುಕೊಂಡರೆ ರಿಪೇರಿ ಖರ್ಚಿನ ಜೊತೆ ಹದವೂ ಕೈತಪ್ಪುತ್ತೆ.

ಮೊದಲು ಜಾಗ ಹುಡುಕಿ

ಆಯಿಲ್ ಕೆಳಕ್ಕೆ ಹರಿಯುತ್ತೆ, ಫ್ಯಾನ್ ಗಾಳಿಗೆ ಹಿಂದಕ್ಕೂ ಹರಡುತ್ತೆ. ಹಾಗಾಗಿ ಹನಿ ಬೀಳೋ ಜಾಗ ಬೇರೆ, ಸೋರೋ ಜಾಗ ಬೇರೆ.

ತಣ್ಣಗಿರೋ ಎಂಜಿನ್ನನ್ನ ಹಳೇ ಬ್ರಷ್, ಸ್ವಲ್ಪ ಡೀಸೆಲ್ ಹಾಕಿ ತೊಳೆದು, ಬಟ್ಟೆಯಿಂದ ಪೂರ್ತಿ ಒರೆಸಿ ಒಣಗಿಸಿ. ಅನುಮಾನ ಇರೋ ಜಾಗಕ್ಕೆಲ್ಲ ಮುಖಕ್ಕೆ ಹಚ್ಚೋ ಟಾಲ್ಕಂ ಪೌಡರ್ ಉದುರಿಸಿ. ಏರ್ ಫಿಲ್ಟರ್ ಕಡೆ ಮಾತ್ರ ಬೇಡ. ಹತ್ತು ನಿಮಿಷ ಓಡಿಸಿ, ಆಫ್ ಮಾಡಿ, ಮೊಬೈಲ್ ಟಾರ್ಚ್ ಹಾಕಿ ನೋಡಿ. ಪೌಡರ್ ಒದ್ದೆಯಾಗಿರೋ ಎಲ್ಲಕ್ಕಿಂತ ಮೇಲಿನ ಜಾಗವೇ ಸೋರಿಕೆಯ ಮೂಲ. ಅದರ ಫೋಟೋ ತೆಗೆದಿಟ್ಟುಕೊಳ್ಳಿ, ಅಂಗಡಿಯಲ್ಲಿ ತೋರಿಸೋಕೆ ಬೇಕಾಗುತ್ತೆ.

ಟೂ ಸ್ಟ್ರೋಕ್ ಬ್ರಷ್ ಕಟರ್‌ನ ಸೈಲೆನ್ಸರ್ ಹತ್ತಿರ ಕಾಣೋ ಕಪ್ಪು ಜಿಡ್ಡು ಈ ಲೆಕ್ಕಕ್ಕೆ ಬರಲ್ಲ. ಅದು ಪೆಟ್ರೋಲ್ ಜೊತೆ ಬೆರೆಸಿದ ಆಯಿಲ್ ಪೂರ್ತಿ ಉರಿಯದೆ ಹೊರಬಂದದ್ದು.

ಯಾವ ಪೇಸ್ಟೂ ಕೆಲಸ ಮಾಡದ ಜಾಗಗಳು

ಬ್ರೀದರ್: ಎಂಜಿನ್ ಒಳಗಿನ ಒತ್ತಡ ಹೊರಹೋಗೋ ಸಣ್ಣ ದಾರಿ ಇದು. ಧೂಳು, ಜಿಡ್ಡು ಸೇರಿ ಕಟ್ಟಿಕೊಂಡರೆ ಒತ್ತಡ ಹೆಚ್ಚಿ, ಆಯಿಲ್ ಸಿಕ್ಕ ಸಂದಿಯಲ್ಲೆಲ್ಲ ನುಗ್ಗುತ್ತೆ. ಆಯಿಲ್ ಮಟ್ಟ ಮೀರಿ ತುಂಬಿದಾಗಲೂ ಸೋರಿಕೆ ಶುರುವಾಗಬಹುದು. ಎಂಜಿನ್ನನ್ನ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಆಯಿಲ್ ಮಟ್ಟ ನೋಡಿ, ಬ್ರೀದರ್ ಪೈಪ್ ಸ್ವಚ್ಛ ಮಾಡಿ. ಕೆಲವು ಸೋರಿಕೆ ಇಲ್ಲಿಗೇ ನಿಂತುಬಿಡುತ್ತೆ.

ಆಯಿಲ್ ಸೀಲ್: ತಿರುಗೋ ಶಾಫ್ಟ್ ಹೊರಬರೋ ಜಾಗದಲ್ಲಿರೋ ರಬ್ಬರ್ ಬಳೆ. ತಿರುಗೋ ಲೋಹದ ಮೇಲೆ ಯಾವ ಪೇಸ್ಟೂ ನಿಲ್ಲಲ್ಲ, ಸೀಲ್ ಬದಲಾಯಿಸಲೇಬೇಕು. ಹಳೇ ಸೀಲ್ ಮೇಲೆ 25-40-7 ಅಂತ ಮೂರು ಅಂಕಿ ಇರುತ್ತೆ: ಶಾಫ್ಟ್ ದಪ್ಪ, ಹೊರಗಿನ ಅಳತೆ, ಅಗಲ, ಎಲ್ಲ ಮಿಲಿಮೀಟರ್‌ನಲ್ಲಿ. ಅದರ ಫೋಟೋ ಸಾಕು. ಹೊಸದನ್ನು ಕೂರಿಸುವಾಗ ಸ್ಪ್ರಿಂಗ್ ಇರೋ ಬದಿ ಆಯಿಲ್ ಕಡೆಗಿರಲಿ, ತುಟಿಗೆ ಸ್ವಲ್ಪ ಆಯಿಲ್ ಸವರಿ. ಶಾಫ್ಟ್ ಮೇಲೆ ಉಗುರಿಗೆ ಸಿಗುವಷ್ಟು ಗೀರು ಬಿದ್ದಿದ್ದರೆ ಹೊಸ ಸೀಲ್ ಕೂಡ ಸೋರುತ್ತೆ. ಆಗ ಮೆಕ್ಯಾನಿಕ್‌ಗೆ ತೋರಿಸಿ.

ಡ್ರೇನ್ ಬೋಲ್ಟ್: ಇಲ್ಲಿ ಸೋರಿದರೆ ಬಹುಪಾಲು ವಾಶರ್ ಚಪ್ಪಟೆಯಾಗಿರುತ್ತೆ. ಹೊಸ ತಾಮ್ರದ ಅಥವಾ ಅಲ್ಯೂಮಿನಿಯಂ ವಾಶರ್ ಹಾಕಿ. ಎಂ-ಸೀಲ್ ಮೆತ್ತಬೇಡಿ. ಅದು ಕಲ್ಲಿನಂತೆ ಗಟ್ಟಿಯಾಗುತ್ತೆ, ಮುಂದಿನ ಸಲ ಆಯಿಲ್ ಬದಲಾಯಿಸುವಾಗ ಬೋಲ್ಟ್ ಬಿಚ್ಚೋಕೆ ಒದ್ದಾಡಬೇಕು.

ಹೆಡ್ ಗ್ಯಾಸ್ಕೆಟ್: ಇದು ಉರಿಯೋ ಗ್ಯಾಸಿನ ಒತ್ತಡ ತಡೆಯೋ ಜಾಗ. ಪೇಸ್ಟ್ ಹಾಕೋ ಕಡೆ ಅಲ್ಲ, ಮನೆಯಲ್ಲಿ ಬಿಚ್ಚೋದೂ ಬೇಡ.

ಯಾವ ಟ್ಯೂಬ್, ಎಲ್ಲಿಗೆ?

1. ಆರ್‌ಟಿವಿ ಸಿಲಿಕೋನ್: ಗಾಳಿಯಲ್ಲಿರೋ ತೇವ ಹೀರಿ ರಬ್ಬರ್ ಆಗುತ್ತೆ. ತಗಡಿನ ಕವರ್, ಆಯಿಲ್ ಚೇಂಬರ್ ಥರ ಸ್ವಲ್ಪ ಸಂದಿ ಇರೋ, ಅಲುಗಾಡೋ ಜೋಡಣೆಗೆ ಇದೇ ಸರಿ. ಟ್ಯೂಬ್ ಮೇಲೆ ಎಂಜಿನ್ ಆಯಿಲ್ ತಡೆಯುತ್ತೆ ಅಂತ ಬರೆದಿರಬೇಕು. ಹಚ್ಚುವಾಗ ವಿನಿಗರ್ ವಾಸನೆ ಹೊಡೆಯೋ, ಬಾತ್‌ರೂಂ ಗಾಜಿಗೆ ಹಾಕೋ ಸಿಲಿಕೋನ್ ಬೇಡ. ಅದರಿಂದ ಬರೋ ಆಮ್ಲ ಲೋಹವನ್ನು ತಿನ್ನುತ್ತೆ. ಪೆಟ್ರೋಲ್, ಡೀಸೆಲ್ ಪೈಪಿನ ಜೋಡಣೆಗೂ ಸಿಲಿಕೋನ್ ಹಾಕಬಾರದು, ಉಬ್ಬಿ ಕಿತ್ತುಬರುತ್ತೆ.

2. ಆನೇರೋಬಿಕ್ ಸೀಲೆಂಟ್: ಇದು ತದ್ವಿರುದ್ಧ. ಎರಡು ಲೋಹಗಳ ಮಧ್ಯೆ ಗಾಳಿ ಇಲ್ಲದ ಕಡೆ ಮಾತ್ರ ಗಟ್ಟಿಯಾಗುತ್ತೆ. ಕಾರ್ಖಾನೆಯಲ್ಲಿ ನುಣ್ಣಗೆ ಕೆತ್ತಿದ, ಗ್ಯಾಸ್ಕೆಟ್ ಇಲ್ಲದೆ ಲೋಹಕ್ಕೆ ಲೋಹವೇ ಕೂರೋ ಗೇರ್‌ಬಾಕ್ಸ್, ಕ್ರ್ಯಾಂಕ್‌ಕೇಸ್‌ನಂಥ ಜೋಡಣೆಗೆ ಇದು. ಕೂದಲೆಳೆಯಷ್ಟು ಸಂದಿಯನ್ನಷ್ಟೇ ತುಂಬುತ್ತೆ, ಸೊಟ್ಟ ತಗಡಿಗೆ ಹಾಕಿದರೆ ದುಡ್ಡು ದಂಡ.

3. ಗಟ್ಟಿಯಾಗದ ಗ್ಯಾಸ್ಕೆಟ್ ಪೇಸ್ಟ್: ಕಾಗದದ ಪ್ಯಾಕಿಂಗ್‌ನ ಎರಡೂ ಬದಿ ತೆಳ್ಳಗೆ ಸವರೋಕೆ. ಪ್ಯಾಕಿಂಗ್ ತೆಗೆದು ಬರೀ ಸಿಲಿಕೋನ್ ಹಾಕೋ ಅಭ್ಯಾಸ ಬೇಡ. ಕೆಲವು ಎಂಜಿನ್‌ಗಳ ಸೈಡ್ ಕವರ್‌ನಲ್ಲಿ ಆ ಕಾಗದದ ದಪ್ಪವೇ ಕ್ರ್ಯಾಂಕ್ ಶಾಫ್ಟ್‌ನ ಆಟವನ್ನು ನಿಗದಿ ಮಾಡುತ್ತೆ. ಅದೇ ದಪ್ಪದ ಹೊಸ ಪ್ಯಾಕಿಂಗ್ ಹಾಕಿ.

4. ಥ್ರೆಡ್ ಸೀಲೆಂಟ್: ಆಯಿಲ್ ಇರೋ ಕಡೆಗೆ ತೂತು ಹೊಕ್ಕಿರೋ ಬೋಲ್ಟ್, ಆಯಿಲ್ ಸ್ವಿಚ್ ಇವುಗಳ ಮರೆಗೆ.

ಇವುಗಳ ಜೊತೆಗೆ ಆಯಿಲ್‌ಗೆ ಸುರಿಯೋ "ಲೀಕ್ ಸ್ಟಾಪ್" ದ್ರವವೂ ಸಿಗುತ್ತೆ. ಒಣಗಿ ಬಿಗಿಯಾದ ರಬ್ಬರ್ ಸೀಲನ್ನು ಸ್ವಲ್ಪ ಮೆತ್ತಗೆ ಮಾಡಿ ಉಬ್ಬಿಸುತ್ತೆ ಅಷ್ಟೆ. ಹರಿದ ಸೀಲ್, ತುಂಡಾದ ಪ್ಯಾಕಿಂಗ್ ಅದರಿಂದ ಸರಿಹೋಗಲ್ಲ. ಹಂಗಾಮು ಮುಗಿಯೋವರೆಗೆ ತಳ್ಳೋಕೆ ಬೇಕಾದರೆ ನೋಡಬಹುದು.

ಸಿಲಿಕೋನ್ ಹಾಕೋ ಕ್ರಮ

ಮನೆಯಲ್ಲಿ ಹೆಚ್ಚಾಗಿ ಬಳಸೋದು ಇದನ್ನೇ, ಅದಕ್ಕೆ ವಿವರವಾಗಿ ಹೇಳ್ತೀನಿ.

- ಕವರ್ ಕೆಳಭಾಗದಲ್ಲಿದ್ದರೆ ಮೊದಲು ಆಯಿಲ್ ಇಳಿಸಿ. ಆಮೇಲೆ ಕವರ್ ಬಿಚ್ಚಿ.
- ಹಳೇ ಪೇಸ್ಟನ್ನು ಹಳೇ ಎಟಿಎಂ ಕಾರ್ಡ್ ಅಥವಾ ಬಿದಿರಿನ ಚಕ್ಕೆಯಿಂದ ಕೆರೆಯಿರಿ. ಸ್ಕ್ರೂಡ್ರೈವರ್ ಹಾಕಿದರೆ ಅಲ್ಯೂಮಿನಿಯಂ ಮೇಲೆ ಗೀರು ಬಿದ್ದು ಅದೇ ಹೊಸ ಸೋರಿಕೆಗೆ ದಾರಿ. ಕೆರೆದ ಚೂರು ಒಳಗೆ ಬೀಳಬಾರದು.
- ಎರಡೂ ಮುಖವನ್ನು ಬ್ರೇಕ್ ಕ್ಲೀನರ್ ಅಥವಾ ಥಿನ್ನರ್ ಹಚ್ಚಿದ ಬಟ್ಟೆಯಿಂದ ಒರೆಸಿ. ಬಯಲಲ್ಲಿ ಮಾಡಿ, ಹತ್ತಿರ ಬೀಡಿ, ಬೆಂಕಿ ಬೇಡ. ಡೀಸೆಲ್, ಸೀಮೆಎಣ್ಣೆಯಿಂದ ಒರೆಸಿದರೆ ಜಿಡ್ಡು ಉಳಿದು ಪೇಸ್ಟ್ ಹಿಡಿಯಲ್ಲ.
- ತಗಡಿನ ಕವರನ್ನು ಗಾಜಿನ ಮೇಲಿಟ್ಟು ನೋಡಿ. ಬೋಲ್ಟ್ ತೂತಿನ ಸುತ್ತ ಎದ್ದಿದ್ದರೆ ಮೆಲ್ಲಗೆ ತಟ್ಟಿ ಮಟ್ಟ ಮಾಡಿ.
- 2-3 ಮಿ.ಮೀ. ದಪ್ಪದ ಒಂದೇ ಗೆರೆ, ನಡುವೆ ಕಡಿಯದಂತೆ, ಬೋಲ್ಟ್ ತೂತಿನ ಸುತ್ತಲೂ ಬರುವಂತೆ ಎಳೆಯಿರಿ.
- ಪೇಸ್ಟ್ ಮೇಲೆ ಕೆನೆ ಕಟ್ಟೋ ಮುಂಚೆ ಕವರ್ ಕೂರಿಸಿ. ಬೋಲ್ಟ್‌ಗಳನ್ನು ಮೊದಲು ಕೈಯಲ್ಲಿ, ಆಮೇಲೆ ಎದುರುಬದುರು ಸ್ವಲ್ಪಸ್ವಲ್ಪವೇ ಬಿಗಿ ಮಾಡಿ.
- ಟ್ಯೂಬ್ ಮೇಲೆ ಬರೆದಷ್ಟು ಹೊತ್ತು, ಸಾಮಾನ್ಯವಾಗಿ 24 ಗಂಟೆ, ಬಿಟ್ಟು ಆಮೇಲೆ ಆಯಿಲ್ ತುಂಬಿ.

ಜಾಸ್ತಿ ಹಾಕಿದರೆ ಜಾಸ್ತಿ ಗಟ್ಟಿ ಅನ್ನೋದು ಅಪಾಯದ ಲೆಕ್ಕ. ಹೊರಗೆ ಹಿಂಡಿದಷ್ಟೇ ಒಳಗೂ ಹಿಂಡಿರುತ್ತೆ. ಆ ಹುಳುವಿನಂಥ ಚೂರು ಕಿತ್ತು ಆಯಿಲ್ ಜಾಲರಿಗೆ ಅಡ್ಡ ನಿಂತರೆ ಬೇರಿಂಗ್‌ಗೆ ಆಯಿಲ್ ಹೋಗಲ್ಲ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಪೂರ್ತಿ ಕಾಣುತ್ತೆ, ಆದರೂ ಎಂಜಿನ್ ಸುಟ್ಟುಹೋಗುತ್ತೆ. ಹೊರಗೆ ಸೋರೋ ಎಂಜಿನ್ ಆಯಿಲ್ ಹಾಕಿಕೊಂಡಾದರೂ ಓಡುತ್ತೆ, ಒಳಗೆ ಕಟ್ಟಿಕೊಂಡದ್ದು ಓಡಲ್ಲ.

ಇಳಿಸಿದ ಆಯಿಲ್ ಏನು ಮಾಡೋದು?

ಸರ್ಕಾರದ 2016ರ ನಿಯಮದಲ್ಲಿ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿದೆ. ಬದುವಿಗೆ ಚೆಲ್ಲೋದು, ಗೆದ್ದಲಿಗೆ ಅಂತ ಗಿಡದ ಬುಡಕ್ಕೆ ಸುರಿಯೋದು ಬೇಡ. ಅದರಲ್ಲಿ ಸವೆದ ಲೋಹದ ಕಣವೂ ಇರುತ್ತೆ. ನಮ್ಮ ತೋಟದಲ್ಲಿ ಕ್ಯಾನ್‌ಗೆ ತುಂಬಿಟ್ಟು, ಹಳೇ ಆಯಿಲ್ ತಗೊಳ್ಳೋ ಗ್ಯಾರೇಜ್‌ಗೆ ಕೊಡ್ತೀವಿ. ಬಾವಿ ಪಕ್ಕದ ಪಂಪಿನ ಕೆಳಗೆ ಒಂದು ತಗಡಿನ ಟ್ರೇ ಇಟ್ಟಿದ್ದೀವಿ. ಆಯಿಲ್ ನೀರಿಗೆ ಹೋಗಲ್ಲ, ಸೋರಿಕೆ ಶುರುವಾದರೂ ಮೊದಲ ದಿನವೇ ಗೊತ್ತಾಗುತ್ತೆ.

ರಿಪೇರಿ ಆದಮೇಲೆ ಮೊದಲ ವಾರ ದಿನಾ ಬೆಳಿಗ್ಗೆ, ಸ್ಟಾರ್ಟ್ ಮಾಡೋ ಮುಂಚೆ ಡಿಪ್‌ಸ್ಟಿಕ್ ನೋಡಿ. ಮಟ್ಟ ಇಳಿಯದಿದ್ದರೆ ನೀವು ಆರಿಸಿದ ಜಾಗವೂ ಸರಿ, ಟ್ಯೂಬೂ ಸರಿ.