ಹಿಮ್ಮಡಿ ನೋವಿಗೆ ಯಾವ ಸೋಲ್: ಅಂಗಡಿಯದೋ, ಅಳತೆ ಕೊಟ್ಟು ಮಾಡಿಸಿದ್ದೋ?

ಬೆಳಗ್ಗೆ ಎದ್ದು ಕಾಲು ನೆಲಕ್ಕಿಟ್ಟ ಕೂಡಲೇ ಹಿಮ್ಮಡಿಗೆ ಮೊಳೆ ಚುಚ್ಚಿದಂತಾಗುತ್ತದೆಯೇ? ಹತ್ತು ಹೆಜ್ಜೆ ಕುಂಟಿದ ಮೇಲೆ ತುಸು ಸಡಿಲವಾಗಿ, ಹಾಲು ಕರೆದು ಎದ್ದಾಗ ಮತ್ತೆ ಹಿಡಿದುಕೊಳ್ಳುತ್ತದೆಯೇ? ಸಂಘದ ಸಭೆಗಳಲ್ಲಿ ಕೆಚ್ಚಲು ಬಾವಿನ ಮಾತು ಮುಗಿದ ಮೇಲೆ ನೀವು ಮೆಲ್ಲಗೆ ಹೇಳಿಕೊಳ್ಳುವ ದೂರುಗಳಲ್ಲಿ ಇದೂ ಒಂದು. ಈಚೆಗೆ ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತಿದೆ: "ಪೇಟೆಯಲ್ಲಿ ಪಾದದ ಅಳತೆ ತೆಗೆದು ಸೋಲ್ ಮಾಡಿಕೊಡುತ್ತಾರಂತೆ, ಐದಾರು ಸಾವಿರ ಆಗುತ್ತದಂತೆ. ಮಾಡಿಸಲಾ ಮೇಡಂ?" ದಿನಕ್ಕೆ ಹತ್ತು ಲೀಟರ್ ಕೊಡುವ ಹಸುವಿನ ಹದಿನೈದು ದಿನದ ಬಟವಾಡೆ ಅಷ್ಟರಲ್ಲೇ ಹೋಗುತ್ತದೆ. ಆದ್ದರಿಂದ ಸರಿಯಾಗಿ ತಿಳಿದುಕೊಂಡು ಖರ್ಚು ಮಾಡಿ.

ಮೊದಲು ನೋವಿನ ಮೂಲ ನೋಡೋಣ. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನ ಉದ್ದಕ್ಕೂ ಒಂದು ಗಟ್ಟಿ ಪಟ್ಟಿ ಇದೆ. ಕಾಲಿನ ಹೆಬ್ಬೆರಳನ್ನು ಕೈಯಿಂದ ಮೇಲಕ್ಕೆ ಬಾಗಿಸಿ ಅಂಗಾಲು ಮುಟ್ಟಿ ನೋಡಿ, ಹಗ್ಗದಂತೆ ಬಿಗಿಯುತ್ತದೆ. ವೈದ್ಯರು ಇದನ್ನು ಪ್ಲಾಂಟರ್ ಫೇಶಿಯಾ ಎನ್ನುತ್ತಾರೆ. ಅದು ಹಿಮ್ಮಡಿಗೆ ಅಂಟಿಕೊಂಡ ಜಾಗಕ್ಕೆ ಮತ್ತೆ ಮತ್ತೆ ಜಗ್ಗಾಟವಾದರೆ ನೋವು ಶುರು. ನಮ್ಮ ಕೆಲಸ ನೋಡಿ: ಸಿಮೆಂಟ್ ನೆಲದ ಮೇಲೆ ಬರಿಗಾಲಲ್ಲಿ ಓಡಾಟ, ತಲೆಯ ಮೇಲೆ ಹುಲ್ಲಿನ ಹೊರೆ, ಕೈಯಲ್ಲಿ ಕ್ಯಾನು, ಮೇಲೆ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ಕುಕ್ಕರಗಾಲು ಹಾಕಿ ಹಾಲು ಕರೆಯುವುದು. ತುದಿಗಾಲಲ್ಲಿ ಕೂತಾಗ ಬೆರಳು ಮಡಚಿ ಆ ಪಟ್ಟಿ ಬಿಗಿದೇ ಇರುತ್ತದೆ. ಒಂದು ಗಿಡ್ಡ ಮಣೆ ಹಾಕಿಕೊಂಡು ಪಾದ ಪೂರ್ತಿ ನೆಲಕ್ಕೂರಿ ಕೂತರೆ ಅಷ್ಟು ಜಗ್ಗಾಟ ತಪ್ಪುತ್ತದೆ.

ಎಕ್ಸ್‌ರೇ ತೆಗೆಸಿ "ಹಿಮ್ಮಡಿಯಲ್ಲಿ ಮೂಳೆ ಬೆಳೆದಿದೆ" ಎಂದು ಹೇಳಿಸಿಕೊಂಡು ಹೆದರಿದವರೂ ಇದ್ದೀರಿ. ಯಾವ ನೋವೂ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲೂ ಆ ಮುಳ್ಳು ಕಾಣುತ್ತದೆ. ಅದೊಂದೇ ಕಾರಣಕ್ಕೆ ದುಬಾರಿ ಸೋಲ್ ಬೇಕಿಲ್ಲ.

ಇನ್ನು ಸೋಲ್‌ಗಳ ವಿಷಯ. 1999ರಲ್ಲಿ ಅಮೆರಿಕದ 15 ಕೇಂದ್ರಗಳಲ್ಲಿ ಹಿಮ್ಮಡಿ ನೋವಿನ 236 ಜನರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಎಲ್ಲರಿಗೂ ಕಾಲು ಎಳೆಯುವ ವ್ಯಾಯಾಮ ಹೇಳಿಕೊಟ್ಟು, ಕೆಲವರಿಗೆ ಸಿದ್ಧ ಸೋಲ್, ಕೆಲವರಿಗೆ ಅಳತೆಯ ಸೋಲ್ ಕೊಟ್ಟರು. ಒಂದು ಗುಂಪಿಗೆ ವ್ಯಾಯಾಮ ಮಾತ್ರ. 8 ವಾರದ ನಂತರ ಸಿಲಿಕೋನ್ ಹಿಮ್ಮಡಿ ಪ್ಯಾಡ್ ಹಾಕಿದವರಲ್ಲಿ ನೂರಕ್ಕೆ 95, ರಬ್ಬರ್ ಪ್ಯಾಡಿನವರಲ್ಲಿ 88 ಜನರಿಗೆ ಸುಧಾರಿಸಿತ್ತು. ಅಳತೆಯ ಸೋಲ್‌ನವರಲ್ಲಿ 68. ಬರೀ ವ್ಯಾಯಾಮ ಮಾಡಿದವರಲ್ಲೇ 72! 2006ರಲ್ಲಿ ಆಸ್ಟ್ರೇಲಿಯಾದ ಇನ್ನೊಂದು ಅಧ್ಯಯನ 135 ಜನರನ್ನು ಒಂದು ವರ್ಷ ಗಮನಿಸಿತು. ಮೂರು ತಿಂಗಳಿಗೆ ಸಿದ್ಧ ಸೋಲ್‌ನಿಂದಲೂ ಅಳತೆಯ ಸೋಲ್‌ನಿಂದಲೂ ಒಂದೇ ತೆರನ ಅಲ್ಪ ಉಪಯೋಗ ಕಂಡಿತು. ವರ್ಷ ತುಂಬುವಾಗ ಹೆಸರಿಗಷ್ಟೇ ಕೊಟ್ಟ ಮೆತ್ತನೆ ಸೋಲ್‌ಗೂ ಇವೆರಡಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಉಳಿಯಲಿಲ್ಲ. ಈ ನೋವು ಬಹುಪಾಲು ಜನರಿಗೆ ತಿಂಗಳುಗಳಲ್ಲಿ ತಾನೇ ಇಳಿಯುತ್ತದೆ. ಸೋಲ್ ಅಲ್ಲಿಯವರೆಗೆ ಆಸರೆ ಅಷ್ಟೇ.

ಹಾಗಾಗಿ ಸಾಮಾನ್ಯ ಹಿಮ್ಮಡಿ ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಸೋಲ್‌ನಿಂದಲೇ ಶುರು ಮಾಡಿ. ಬೆರಳಲ್ಲಿ ಒತ್ತಿದರೆ ಸ್ಪಂಜಿನಂತೆ ಪೂರ್ತಿ ಚಪ್ಪಟೆಯಾಗುವುದು ಬೇಡ. ಹಿಮ್ಮಡಿ ಕೂರುವ ಜಾಗ ಬಟ್ಟಲಿನಂತೆ ತುಸು ಆಳವಿರಲಿ, ನಡುಭಾಗ ಸುಲಭಕ್ಕೆ ಮಡಚಿಕೊಳ್ಳಬಾರದು. ಸಂಜೆ ಹೊತ್ತು, ನೀವು ಹಾಕುವ ಶೂವನ್ನೇ ಒಯ್ದು ನೋಡಿ; ಸಂಜೆಗೆ ಪಾದ ಸ್ವಲ್ಪ ಊದಿರುತ್ತದೆ. ಒಂದೇ ಕಾಲು ನೋಯುತ್ತಿದ್ದರೂ ಎರಡಕ್ಕೂ ಹಾಕಿ. ಮೊದಲ ದಿನಗಳಲ್ಲಿ ಗಂಟೆ ಎರಡು ಗಂಟೆ ಹಾಕಿ ರೂಢಿ ಮಾಡಿಕೊಳ್ಳಿ.

ಸಂಘದ ಸಬ್ಸಿಡಿಯಲ್ಲಿ ಹಸುವಿನ ಗೊರಸಿಗೆಂದು ರಬ್ಬರ್ ಮ್ಯಾಟ್ ತಂದು ಹಾಸಿ, ನಾವು ಮಾತ್ರ ಪಕ್ಕದ ಸಿಮೆಂಟಿನ ಮೇಲೆ ಬರಿಗಾಲಲ್ಲಿ ನಿಲ್ಲುತ್ತೇವೆ. ಸೋಲ್ ಐದು ಸಾವಿರದ್ದಾದರೂ ಅದು ಶೂ ಒಳಗಿದ್ದು, ಶೂ ಬಾಗಿಲ ಬಳಿಯೇ ಇದ್ದರೆ ಏನು ಬಂತು? ಹವಾಯಿ ಚಪ್ಪಲಿಯಲ್ಲಿ ಯಾವ ಸೋಲೂ ನಿಲ್ಲುವುದಿಲ್ಲ. ಕೊಟ್ಟಿಗೆಗೆ ಗಂಬೂಟು ಒಳ್ಳೆಯದು, ಗಂಜಲದಿಂದ ಬರುವ ಇಲಿಜ್ವರಕ್ಕೂ ಅದು ತಡೆ. ಅದರೊಳಗೆ ಸೋಲ್ ಹಾಕಿ, ಕೆಲಸ ಮುಗಿದ ಮೇಲೆ ಹೊರತೆಗೆದು ನೆರಳಲ್ಲಿ ಒಣಗಿಸಿ, ಇಲ್ಲದಿದ್ದರೆ ಬೆರಳ ಸಂದಿ ಹುಣ್ಣಾಗುತ್ತದೆ. ಹೊಲಕ್ಕೆ, ಡೇರಿಗೆ ಹೋಗಲು ಹಿಂದೆ ಪಟ್ಟಿ ಇರುವ, ಹಿಮ್ಮಡಿ ದಪ್ಪವಿರುವ ಚಪ್ಪಲಿಯೇ ಸಾಕು.

ವ್ಯಾಯಾಮ ಬಿಡಬೇಡಿ, ಅದಕ್ಕೆ ಖರ್ಚಿಲ್ಲ. ಹಾಸಿಗೆಯಿಂದ ಇಳಿಯುವ ಮೊದಲೇ ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು, ಬೆರಳುಗಳನ್ನು ಮೊಳಕಾಲಿನ ಕಡೆಗೆ ಎಳೆದು ಹತ್ತು ಎಣಿಸಿ ಬಿಡಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು.

ಆದರೆ ಎಲ್ಲರಿಗೂ ಈ ಮಾತು ಒಪ್ಪುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು, ಅಂಗಾಲಲ್ಲಿ ಹಿಂದೆ ಹುಣ್ಣಾಗಿ ವಾಸಿಯಾದವರು, ಸಂಧಿವಾತದಿಂದ ಬೆರಳು ಸೊಟ್ಟಗಾದವರು, ಪೋಲಿಯೋದಿಂದ ಒಂದು ಕಾಲು ಗಿಡ್ಡವಿರುವವರು ಅಂಗಡಿಯ ಸೋಲ್ ತಂದು ಪ್ರಯೋಗ ಮಾಡಬಾರದು. ಸ್ಪರ್ಶವಿಲ್ಲದ ಪಾದಕ್ಕೆ ಅದರ ಅಂಚು ಒತ್ತಿ ಗಾಯವಾದರೂ ತಿಳಿಯುವುದಿಲ್ಲ. ಇಂಥವರಿಗೆ ಅಳತೆಯ ಸೋಲ್ ನಿಜಕ್ಕೂ ಬೇಕು, ಆ ಹಣಕ್ಕೆ ಹಿಂದೆಮುಂದೆ ನೋಡಬೇಡಿ. ಮೊದಲು ಮೂಳೆ ವೈದ್ಯರ ಅಥವಾ ಸಕ್ಕರೆ ಕಾಯಿಲೆ ವೈದ್ಯರ ಚೀಟಿ ಪಡೆಯಿರಿ. ಮಾಡಿಕೊಡುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾದ ಆರ್ಥೋಟಿಸ್ಟ್ ಹೌದೇ ಎಂದು ಕೇಳಿ. ಅವರು ಪಾದವನ್ನು ಮುಟ್ಟಿ ಪರೀಕ್ಷಿಸಿ, ನಡೆಸಿ ನೋಡಿ, ಪಿಓಪಿ ಅಥವಾ ಫೋಮಿನಲ್ಲಿ ಅಚ್ಚು ತೆಗೆಯುತ್ತಾರೆ, ಇಲ್ಲವೇ ಸ್ಕ್ಯಾನ್ ಮಾಡುತ್ತಾರೆ, ಒತ್ತಿದರೆ ತಿದ್ದಿಕೊಡುತ್ತಾರೆ. ಸಂತೆ, ಮೇಳಗಳಲ್ಲಿ ಕಂಪ್ಯೂಟರ್ ಹಲಗೆಯ ಮೇಲೆ ಎರಡು ನಿಮಿಷ ನಿಲ್ಲಿಸಿ, ಬಣ್ಣದ ಚಿತ್ರ ತೋರಿಸಿ ಅಲ್ಲೇ ಹಣ ಕೇಳುವವರ ಬಳಿ ಬಟವಾಡೆ ಸುರಿಯಬೇಡಿ. ಕುಷ್ಠರೋಗದಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗೆ ಎಂಸಿಆರ್ ಎಂಬ ಮೃದು ರಬ್ಬರಿನ ಚಪ್ಪಲಿ ಸರ್ಕಾರಿ ಕಾರ್ಯಕ್ರಮದಲ್ಲಿ ಉಚಿತವಾಗಿ ಸಿಗುತ್ತದೆ, ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ.

ರಾತ್ರಿ ಮಲಗಿದಾಗಲೂ ನೋವು, ಊತ, ಜ್ವರ, ಜೋಮು, ಬಿದ್ದ ಮೇಲೆ ಶುರುವಾದ ನೋವು ಇದ್ದರೆ ಸೋಲ್ ಹುಡುಕದೆ ನೇರವಾಗಿ ಆಸ್ಪತ್ರೆಗೆ ಹೋಗಿ. ಅಂಥದ್ದೇನೂ ಇಲ್ಲದೆ, ಅಂಗಡಿಯ ಸೋಲ್ ಮತ್ತು ವ್ಯಾಯಾಮ ಎರಡನ್ನೂ ಎಂಟು ವಾರ ಬಿಡದೆ ಮಾಡಿಯೂ ನೋವು ಇಳಿಯದಿದ್ದರೆ ಆಗ ವೈದ್ಯರಿಗೆ ತೋರಿಸಿ. ಹೋಗುವಾಗ ಕೊಟ್ಟಿಗೆಯಲ್ಲಿ ಹಾಕುವ ಚಪ್ಪಲಿಯನ್ನೂ ಚೀಲದಲ್ಲಿ ಇಟ್ಟುಕೊಳ್ಳಿ. ಅದರ ಅಟ್ಟೆ ಯಾವ ಕಡೆ ಸವೆದಿದೆ ಎಂಬುದನ್ನು ಅವರು ನೋಡಬೇಕಾಗುತ್ತದೆ.