ಮನೆಯಂಗಳವಿಲ್ಲದ ಚಾಂಪಿಯನ್‌ರು: ಒಂದು ಫುಟ್‌ಬಾಲ್ ಕ್ಲಬ್ ಕಲಿಸುವ ವ್ಯಾಪಾರ ಪಾಠ

ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ನಮ್ಮ ಸದಸ್ಯರಿಗೆ ಹೊಸದಾಗಿ ಪರಿಚಯಿಸಬೇಕಾದುದಲ್ಲ. ಅದನ್ನು ನಡೆಸುವ ಜೆಎಸ್‌ಡಬ್ಲ್ಯೂ ಸಮೂಹವೇ 2013ರಲ್ಲಿ ಬೆಂಗಳೂರು ಎಫ್‌ಸಿ ಎಂಬ ಫುಟ್‌ಬಾಲ್ ಕ್ಲಬ್ಬನ್ನು ಸ್ಥಾಪಿಸಿತು. ಈ ಕ್ಲಬ್ಬಿನ ಕ್ರೀಡಾಂಗಣದ ಇತಿಹಾಸವು ಬಾಡಿಗೆ ಮಳಿಗೆಯಲ್ಲಿ ವ್ಯವಹಾರ ನಡೆಸುವ ಪ್ರತಿಯೊಬ್ಬ ವರ್ತಕನೂ ಗಮನಿಸತಕ್ಕದ್ದಾಗಿದೆ.

ಅಶೋಕನಗರದಿಂದ ಕಂಠೀರವಕ್ಕೆ

ಬೆಂಗಳೂರಿಗೆ ಫುಟ್‌ಬಾಲ್ ಹೊಸತಲ್ಲ. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಮುಂಬಯಿಯ ಪ್ರತಿಷ್ಠಿತ ರೋವರ್ಸ್ ಕಪ್ ಗೆದ್ದಿತ್ತು. ಆ ಪರಂಪರೆಯ ನಗರದಲ್ಲಿ ಹೊಸ ಕ್ಲಬ್ ತನ್ನ ಮೊದಲ ಋತುವನ್ನು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡಿತು. ಕೃತಕ ಹುಲ್ಲಿನ ಆ ಪುಟ್ಟ ಅಂಗಳದಲ್ಲಿ ಪ್ರೇಕ್ಷಕರು ಆಟಕ್ಕೆ ತೀರ ಸಮೀಪದಲ್ಲಿದ್ದರು. ಪ್ರಥಮ ಪ್ರಯತ್ನದಲ್ಲಿಯೇ ಐ-ಲೀಗ್ ಪ್ರಶಸ್ತಿ ಕ್ಲಬ್ಬಿನ ಪಾಲಾಯಿತು.

ಗಿರಾಕಿಗಳು ಹೆಚ್ಚಿದಾಗ ಅಂಗಡಿ ಇಕ್ಕಟ್ಟಾಗುವುದು ಸಹಜ. 2014–15ರ ಋತುವಿನಿಂದ ಕ್ಲಬ್ ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಸ್ಥಳಾಂತರಗೊಂಡಿತು. ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಆಸನಗಳು, ನೈಸರ್ಗಿಕ ಹುಲ್ಲುಹಾಸು, ನಗರದ ಹೃದಯಭಾಗ. 2016ರ ಅಕ್ಟೋಬರ್‌ನಲ್ಲಿ ಇಲ್ಲಿಯೇ ಮಲೇಷ್ಯಾದ ಜೊಹೊರ್ ತಂಡವನ್ನು 3–1ರಿಂದ ಸೋಲಿಸಿ, ಎಎಫ್‌ಸಿ ಕಪ್ ಅಂತಿಮ ಪಂದ್ಯ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು.

ಒಂದು ಅಂಗಳ, ಇಬ್ಬರು ಹಕ್ಕುದಾರರು

ಆದರೆ ಕಂಠೀರವವು 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಸಜ್ಜಾದ, ಸರ್ಕಾರದ ಅಥ್ಲೆಟಿಕ್ಸ್ ಕ್ರೀಡಾಂಗಣ. ಓಟದ ಪಥದ ನಡುವಣ ಹುಲ್ಲಿನ ಮೇಲೆಯೇ ಜಾವೆಲಿನ್, ಡಿಸ್ಕಸ್, ಹ್ಯಾಮರ್ ಬಂದು ಬೀಳಬೇಕು. ಫುಟ್‌ಬಾಲಿಗೆ ಅದೇ ಹುಲ್ಲು ಗಾಯವಿಲ್ಲದೆ ಇರಬೇಕು. ಅಭ್ಯಾಸಕ್ಕೆ ಅಡ್ಡಿಯಾಗುತ್ತಿದೆಯೆಂಬ ಅಥ್ಲೆಟಿಕ್ಸ್ ವಲಯದ ದೂರು ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಅವರ ವಾದ ನಿರಾಧಾರವೆನ್ನಲಾಗದು. ಸಾರ್ವಜನಿಕ ಹಣದಿಂದಾದ ಪಥ ಅವರಿಗಾಗಿಯೇ ಇತ್ತು. ಕ್ಲಬ್ಬಿನ ಸಂಕಟವೂ ಸುಳ್ಳಲ್ಲ. 2018–19ರಲ್ಲಿ ಇಂಡಿಯನ್ ಸೂಪರ್ ಲೀಗ್ ಗೆದ್ದ ತಂಡಕ್ಕೂ ತನ್ನದೆನ್ನುವ ಅಂಗಳವಿರಲಿಲ್ಲ.

ಕೋವಿಡ್ ಕಾಲದ ಎರಡು ಋತುಗಳು ಪೂರ್ಣವಾಗಿ ಗೋವೆಯಲ್ಲಿಯೇ ನಡೆದವು. 2022ರಲ್ಲಿ ತಂಡ ಮರಳಿದ್ದು ಅದೇ ಕಂಠೀರವಕ್ಕೆ.

ನಮ್ಮ ಜಿಲ್ಲೆಯ ನಂಟು

ಇದೇ ಸಮೂಹ 2018ರಲ್ಲಿ ತೋರಣಗಲ್ಲಿನ ವಿಜಯನಗರ ಬಡಾವಣೆಯಲ್ಲಿ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯನ್ನು ತೆರೆಯಿತು. ಋತುಪೂರ್ವ ತರಬೇತಿಗೆ ಕ್ಲಬ್ ಇಲ್ಲಿಗೆ ಬಂದದ್ದುಂಟು. ಅಂದರೆ, ಸ್ವಂತ ಮೈದಾನವಿರುವುದು ಬಳ್ಳಾರಿ ಜಿಲ್ಲೆಯಲ್ಲಿ. ಟಿಕೆಟ್ ಕೊಳ್ಳುವ ಜನರಿರುವುದು ಮುನ್ನೂರು ಕಿಲೋಮೀಟರ್ ಆಚೆಯ ರಾಜಧಾನಿಯಲ್ಲಿ. ನೆಲ ಅಗ್ಗವಿರುವಲ್ಲಿ ಗಿರಾಕಿಯಿಲ್ಲ, ಗಿರಾಕಿಯಿರುವಲ್ಲಿ ನೆಲ ಕೈಗೆಟುಕದು. ಈ ಗಂಟು ನಮ್ಮ ಜೀನ್ಸ್ ತಯಾರಕರಿಗೂ ಅಕ್ಕಿ ಗಿರಣಿಯವರಿಗೂ ಅಪರಿಚಿತವಲ್ಲ.

ಆದುದರಿಂದ ಸದಸ್ಯ ಬಾಂಧವರು ಗಮನಿಸಬೇಕಾದ ಅಂಶಗಳು ಮೂರು. ಪರರ ಸ್ವತ್ತಿನಲ್ಲಿ ಹಣ ಹೂಡುವ ಮೊದಲು ಕರಾರಿನ ಅವಧಿ ಆ ಹೂಡಿಕೆ ಮರಳುವಷ್ಟು ದೀರ್ಘವಾಗಿರಲಿ. ಸ್ವತ್ತನ್ನು ಬಳಸುವ ಇತರರ ಹಕ್ಕುಗಳು, ದಿನ-ವೇಳೆಗಳ ಸಹಿತ, ಲಿಖಿತವಾಗಿರಲಿ. ವ್ಯವಹಾರ ಚೆನ್ನಾಗಿ ನಡೆಯುತ್ತಿರುವಾಗಲೇ ಬದಲಿ ಸ್ಥಳದ ಶೋಧ ನಡೆಯಲಿ. ಕಪಾಟಿನಲ್ಲಿ ಎಷ್ಟು ಪ್ರಶಸ್ತಿಗಳಿದ್ದರೂ ಮಳಿಗೆಯ ಬೀಗದ ಕೈ ಮಾಲೀಕನ ಬಳಿಯೇ ಇರುತ್ತದೆ.