ಟೆನ್ಷನ್ ಮಾಡಿಕೊಂಡರೆ ಐವಿಎಫ್ ಕೈಕೊಡುತ್ತದೆಯೇ?

ಪ್ರಶ್ನೆ: ಭ್ರೂಣ ವರ್ಗಾವಣೆಯಾಗಿ ಆರು ದಿನವಾಯಿತು. ‘ಟೆನ್ಷನ್ ಮಾಡ್ಕೊಂಡ್ರೆ ಗರ್ಭ ನಿಲ್ಲಲ್ಲ’ ಅಂತಾರೆ ಅತ್ತೆ. ಅದನ್ನು ಕೇಳಿ ಭಯ ಇನ್ನೂ ಹೆಚ್ಚಾಗಿದೆ. ಅವರು ಹೇಳೋದು ನಿಜವೇ?

ಉತ್ತರ: ಆ ತಪ್ಪನ್ನು ದಯವಿಟ್ಟು ನಿಮ್ಮ ತಲೆಗೆ ಕಟ್ಟಿಕೊಳ್ಳಬೇಡಿ. 14 ಅಧ್ಯಯನಗಳ 3,583 ಮಹಿಳೆಯರ ಮಾಹಿತಿ ಒಟ್ಟುಗೂಡಿಸಿ ಬ್ರಿಟಿಷ್ ಮೆಡಿಕಲ್ ಜರ್ನಲ್ 2011ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಚಿಕಿತ್ಸೆಗೆ ಮುಂಚಿನ ಆತಂಕಕ್ಕೂ ಆ ಸುತ್ತಿನಲ್ಲಿ ಗರ್ಭ ನಿಲ್ಲುವುದಕ್ಕೂ ನಂಟು ಕಾಣಲಿಲ್ಲ.

ರಕ್ತಪರೀಕ್ಷೆಯವರೆಗಿನ ಈ ದಿನಗಳು ನಿಜಕ್ಕೂ ಕಷ್ಟದವು. ಬಾತ್‌ರೂಮಿಗೆ ಹೋದಾಗಲೆಲ್ಲ ರಕ್ತದ ಕಲೆ ಕಂಡೀತೇನೋ ಎಂದು ಎದೆ ಡವಗುಟ್ಟುತ್ತದೆ. ಸ್ತನ ಬಿಗಿದು ನೋವಾದರೆ, ಹೊಟ್ಟೆ ಉಬ್ಬರಿಸಿದರೆ ಆಸೆ ಚಿಗುರುತ್ತದೆ. ಮರುದಿನ ಅದಿಲ್ಲದಿದ್ದರೆ ಅಳು. ಆದರೆ ನೀವು ತೆಗೆದುಕೊಳ್ಳುತ್ತಿರುವ ಪ್ರೊಜೆಸ್ಟರಾನ್ ಔಷಧಿಯೂ ಇವೇ ಲಕ್ಷಣಗಳನ್ನು ತರುತ್ತದೆ. ಹಾಗಾಗಿ ಅವುಗಳಿಂದ ಫಲಿತಾಂಶ ಊಹಿಸಲಾಗದು. ಅಲುಗಾಡದೆ ಮಲಗಿರುವುದರಿಂದಲೂ ಲಾಭವಿಲ್ಲ. ಮನೆಯಲ್ಲಿ ಓಡಾಡಿಕೊಂಡಿರಿ, ಸಂಜೆ ನಾಲ್ಕು ಹೆಜ್ಜೆ ನಡೆದು ಬನ್ನಿ.

‘ಏನಾಯ್ತು?’ ಎಂದು ಫೋನ್ ಮಾಡುವ ನೆಂಟರಿಗೆ ಉತ್ತರ ಹೇಳುವ ಕೆಲಸ ನಿಮ್ಮ ಯಜಮಾನರದಾಗಲಿ. ಅವರೂ ಒಳಗೊಳಗೇ ಬೇಯುತ್ತಿರಬಹುದು, ಒಮ್ಮೆ ಕೇಳಿ ನೋಡಿ. ರಾತ್ರಿ ನಿದ್ದೆಯೇ ಹತ್ತದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು.